ಕಾರಿನ ಮೈಗೊಂದು ಪಕ್ಕಾ ಹೊಲಿಗೆ

ಈ ಸಲ ಕಾರಿನ ಹತ್ತಿರ ಹೋದಾಗ ಒಂದು ಕೆಲಸ ಮಾಡಿ. ಡ್ರೈವರ್ ಬಾಗಿಲು ತೆರೆದು, ಬಾಗಿಲಿನ ಚೌಕಟ್ಟಿನ ಸುತ್ತ ಇರುವ ರಬ್ಬರ್ ಬೀಡಿಂಗನ್ನು ಒಂದು ಗೇಣು ಉದ್ದ ಮೆಲ್ಲಗೆ ಎಳೆಯಿರಿ. ಹೆದರಬೇಡಿ, ಒತ್ತಿದರೆ ವಾಪಸ್ ಕೂರುತ್ತೆ. ಒಳಗೆ ಎರಡು ಮೂರು ತಗಡುಗಳು ಒಂದರ ಮೇಲೊಂದು ಕೂತಿರುವ ಅಂಚು ಕಾಣುತ್ತೆ. ಆ ಅಂಚಿನುದ್ದಕ್ಕೂ, ಹಿಟ್ಟಿನ ಮೇಲೆ ಬೆರಳೊತ್ತಿದ ಹಾಗೆ, ಸಣ್ಣ ಸಣ್ಣ ಗುಂಡಗಿನ ಕುಳಿಗಳು. ಎರಡು ಕುಳಿಗಳ ನಡುವೆ ಒಂದೆರಡು ಇಂಚು ಏನೂ ಇಲ್ಲ. ಅಲ್ಲಿ ತಗಡಿಗೆ ತಗಡು ತಾಗಿಕೊಂಡಿದೆ, ಬೆಸೆದುಕೊಂಡಿಲ್ಲ.

ಆ ಕುಳಿಗಳೇ ಸ್ಪಾಟ್ ವೆಲ್ಡ್. ಕಾರ್ಖಾನೆಯಲ್ಲಿ ರೋಬೋ ಕೈಯೊಂದು ಎರಡು ತಾಮ್ರದ ಮೊನೆಗಳ ನಡುವೆ ತಗಡುಗಳನ್ನು ಹಿಡಿದು ಒತ್ತುತ್ತದೆ, ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಸುಮಾರು 10,000 ಆಂಪಿಯರ್ ಕರೆಂಟ್ ಹರಿಸುತ್ತದೆ. (ನಿಮ್ಮ ಮನೆಯ ಗೀಸರ್ ಎಳೆಯುವುದು 10 ಆಂಪಿಯರ್ ಆಸುಪಾಸು.) ತಗಡು ಕರಗಿ, ಒಂದು ಕಡಲೆಬೇಳೆಯಷ್ಟಗಲದ ಗಂಟು ಹುಟ್ಟುತ್ತದೆ. ಮುಂದಿನ ಜಾಗಕ್ಕೆ ಹಾರು. ಹೀಗೆ ಒಂದು ಕಾರಿನ ಮೈಯಲ್ಲಿ ಮೂರರಿಂದ ಐದು ಸಾವಿರ ಗಂಟುಗಳು. ಅಗ್ಗ, ವೇಗ, ತಗಡು ಸೊಟ್ಟಗಾಗುವುದಿಲ್ಲ. ರಸ್ತೆಯ ಕಾರಿಗೆ ಇಷ್ಟು ಧಾರಾಳ ಸಾಕು.

ರೇಸ್ ಮಂದಿಗೆ ಇದು ಸಾಲುವುದಿಲ್ಲ. ಅವರು ಕಾರನ್ನು ಪೂರ್ತಿ ಬಿಚ್ಚಿ, ಬರೀ ಶೆಲ್ ಉಳಿಸಿಕೊಂಡು, ಆ ಖಾಲಿ ಜಾಗಗಳಲ್ಲೆಲ್ಲ ಮತ್ತೆ ವೆಲ್ಡ್ ಮಾಡುತ್ತಾರೆ. ಇದಕ್ಕೆ ಸೀಮ್ ವೆಲ್ಡಿಂಗ್ ಅಂತಲೂ, ಬಿಟ್ಟು ಬಿಟ್ಟು ಹಾಕಿದರೆ ಸ್ಟಿಚ್ ವೆಲ್ಡಿಂಗ್ ಅಂತಲೂ ಹೆಸರು. ದರ್ಜಿಗಳ ಭಾಷೆಯಲ್ಲಿ ಹೇಳುವುದಾದರೆ, ಕಂಪನಿಯವರು ಹಾಕಿದ ಕಚ್ಚಾ ಹೊಲಿಗೆಯ ಮೇಲೆ ಪಕ್ಕಾ ಹೊಲಿಗೆ.

ಇದನ್ನೀಗ ಬರೆಯಲು ಒಂದು ಕಾರಣವಿದೆ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಬರೆಯುವವನೊಬ್ಬ ಆಫೀಸಿನಲ್ಲಿದ್ದರೆ ಕಾರಿನ ಪ್ರಶ್ನೆಗಳೆಲ್ಲ ಅವನ ಮೇಜಿಗೇ ಬರುತ್ತವೆ. ಈಚೆಗೆ ಪದೇ ಪದೇ ಬರುವ ಪ್ರಶ್ನೆ ಇದು: ಕ್ರ್ಯಾಶ್ ಟೆಸ್ಟ್ ವಿಡಿಯೊದಲ್ಲಿ ನಮ್ಮ ಕಾರಿಗೆ ‘ಬಾಡಿಶೆಲ್ ಅನ್‌ಸ್ಟೇಬಲ್’ ಅಂದಿದ್ದಾರೆ, ರೇಸ್ ಕಾರಿಗೆ ವೆಲ್ಡ್ ಮಾಡಿ ಗಟ್ಟಿ ಮಾಡ್ತಾರಂತೆ, ನಾವೂ ಮಾಡಿಸಿಬಿಡೋಣ್ವಾ?

ಬೇಡ. ಖಂಡಿತ ಬೇಡ. ಯಾಕೆ ಬೇಡ ಅನ್ನುವುದಕ್ಕೆ ರೇಸ್‌ನವರು ಯಾಕೆ ಮಾಡುತ್ತಾರೆ ಅನ್ನುವುದನ್ನು ಮೊದಲು ನೋಡಬೇಕು.

ಐದನೇ ಸ್ಪ್ರಿಂಗ್

ಹಳೆ ಕಾಲದ ಕಾರಿಗೆ ಲಾರಿಯ ಹಾಗೆ ಕೆಳಗೊಂದು ಚಾಸಿ, ಅದರ ಮೇಲೊಂದು ಮೈ ಇರುತ್ತಿತ್ತು. 1922ರಲ್ಲಿ ಇಟಲಿಯ ಲ್ಯಾನ್ಸಿಯಾ ಲ್ಯಾಂಬ್ಡಾ, ಚಾಸಿಯನ್ನೇ ಕೈಬಿಟ್ಟು ಮೈಯನ್ನೇ ಅಸ್ಥಿಪಂಜರ ಮಾಡಿತು. 1934ರ ಸಿಟ್ರೊಯೆನ್ ಟ್ರ್ಯಾಕ್ಷನ್ ಅವಾಂ ಅದನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಬಹುದು ಅಂತ ತೋರಿಸಿತು. ಇದೇ ಮೊನೊಕಾಕ್. ಇವತ್ತು ನಾವು ಓಡಿಸುವ ಬಹುತೇಕ ಎಲ್ಲ ಕಾರುಗಳೂ ಹೀಗೇ. ನಮ್ಮ ಅಂಬಾಸಡರ್ ಕೂಡ. ನೋಡಲು ಟ್ಯಾಂಕ್ ಥರ ಇದ್ದರೂ ಅದಕ್ಕೆ ಬೇರೆ ಚಾಸಿ ಇರಲಿಲ್ಲ. ಮಾರುತಿ ಜಿಪ್ಸಿಯದು ಬೇರೆ ಜಾತಿ, ಅದು ಚಾಸಿ ಮೇಲೆ ಕೂತ ಗಾಡಿ. ಹಾಗಾಗಿ ಜಿಪ್ಸಿ ಮಾಲೀಕರು ಈ ಲೇಖನವನ್ನು ಕುತೂಹಲಕ್ಕೆ ಓದಿದರೆ ಸಾಕು.

ತಿರುವಿನಲ್ಲಿ ಜೋರಾಗಿ ತಿರುಗಿಸಿದಾಗ ಈ ಪೆಟ್ಟಿಗೆ ತಿರುಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡುತ್ತೇವಲ್ಲ, ಮುಂದಿನ ತುದಿ ಒಂದು ಕಡೆ, ಹಿಂದಿನ ತುದಿ ಇನ್ನೊಂದು ಕಡೆ, ಅದೇ ಚಲನೆ, ತುಂಬ ತುಂಬ ಕಮ್ಮಿ ಪ್ರಮಾಣದಲ್ಲಿ. ಇದನ್ನು ಅಳೆಯುವುದು ಡಿಗ್ರಿಗೆ ಎಷ್ಟು ನ್ಯೂಟನ್ ಮೀಟರ್ ಅನ್ನುವ ಲೆಕ್ಕದಲ್ಲಿ. ಹಳೆಯ ಹಗುರ ಕಾರೊಂದಕ್ಕೆ 5,000 ಅಂತಿಟ್ಟುಕೊಳ್ಳಿ. ಅಂದರೆ ಕಾರಿನ ಹಿಂಭಾಗವನ್ನು ನೆಲಕ್ಕೆ ಬಿಗಿದು, ಮುಂಭಾಗಕ್ಕೆ ಅಡ್ಡಲಾಗಿ ಎರಡು ಮೀಟರಿನ ಸರಳು ಕಟ್ಟಿ, ಅದರ ತುದಿಗೆ 50 ಕಿಲೋದ ಐದು ಅಕ್ಕಿ ಮೂಟೆ ತೂಗುಹಾಕಿದರೆ ಮುಂಭಾಗ ಹೆಚ್ಚುಕಮ್ಮಿ ಒಂದು ಡಿಗ್ರಿ ತಿರುಚಿಕೊಳ್ಳುತ್ತೆ. ಈಗಿನ ಒಳ್ಳೆಯ ಕಾರುಗಳಲ್ಲಿ ಈ ಅಂಕಿ 20,000 ದಾಟುತ್ತದೆ.

ಒಂದು ಡಿಗ್ರಿ ತಾನೇ, ಹೋದರೆ ಹೋಗಲಿ ಅನ್ನಿಸಬಹುದು. ತೊಂದರೆ ಬೇರೆ ಇದೆ. ಕಾರಿಗೆ ನಾಲ್ಕು ಸ್ಪ್ರಿಂಗ್ ಇವೆ, ಒಂದೊಂದಕ್ಕೂ ಜತೆಗೊಂದು ಡ್ಯಾಂಪರ್ ಇದೆ. ಸ್ಪ್ರಿಂಗ್ ಕುಣಿಯುತ್ತೆ, ಡ್ಯಾಂಪರ್ ಆ ಕುಣಿತವನ್ನು ಸಮಾಧಾನ ಮಾಡುತ್ತೆ. ಶೆಲ್ ತಿರುಚಿಕೊಳ್ಳುತ್ತದೆ ಅಂದರೆ ಅದೂ ಒಂದು ಸ್ಪ್ರಿಂಗ್ ಅಂತಾಯಿತು. ಐದನೆಯದು. ಅದಕ್ಕೆ ಡ್ಯಾಂಪರ್ ಇಲ್ಲ, ಅಡ್ಜಸ್ಟ್ ಮಾಡಲು ತಿರುಪೂ ಇಲ್ಲ.

ರೇಸ್ ಎಂಜಿನಿಯರ್‌ನ ಕೆಲಸವೆಲ್ಲ ಸಮತೋಲನದ್ದು. ಕಾರು ತಿರುವಿನಲ್ಲಿ ಮೂಗು ಹೊರಗೆ ತಳ್ಳುತ್ತಿದ್ದರೆ ಹಿಂದಿನ ಆಂಟಿ-ರೋಲ್ ಬಾರ್ ಬಿಗಿ ಮಾಡು, ಬಾಲ ಜಾರುತ್ತಿದ್ದರೆ ಸಡಿಲ ಮಾಡು. ಇಲ್ಲಿ ಬಿಗಿ ಮಾಡಿದ್ದು ಅಲ್ಲಿಗೆ ಮುಟ್ಟಬೇಕಾದರೆ ನಡುವೆ ಇರುವ ಮೈ ಸೆಟೆದು ನಿಲ್ಲಬೇಕು. ಸಡಿಲ ಶೆಲ್‌ನಲ್ಲಿ ಹಿಂದೆ ಮಾಡಿದ ಬದಲಾವಣೆಯ ಒಂದು ಪಾಲನ್ನು ಆ ಐದನೇ ಸ್ಪ್ರಿಂಗೇ ನುಂಗಿಹಾಕುತ್ತದೆ. ಬಾರ್ ಬದಲಿಸಿದೆ, ಡ್ರೈವರ್‌ಗೆ ಏನೂ ಗೊತ್ತಾಗಲಿಲ್ಲ. ಇನ್ನೂ ದಪ್ಪದ್ದು ಹಾಕಿದೆ, ಆಗಲೂ ಗೊತ್ತಾಗಲಿಲ್ಲ. ನಾವು ಕೋಡ್ ಬರೆಯುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ: ಕಾನ್ಫಿಗ್ ಬದಲಿಸುತ್ತಲೇ ಇದ್ದೀರಿ, ನಡುವೆ ಯಾವುದೋ ಕ್ಯಾಶೆ ಹಳೆಯದನ್ನೇ ಕೊಡುತ್ತಿದೆ.

ಆದ್ದರಿಂದ ರೇಸ್‌ನವರು ಶೆಲ್ ಬೆಸೆಯುವುದು ಸಸ್ಪೆನ್ಷನ್ ಹೇಳಿದ ಮಾತು ಕೇಳಲಿ ಅಂತ. ಗುದ್ದಿದಾಗ ಬದುಕಿಕೊಳ್ಳಲಿ ಅಂತ ಅಲ್ಲ. ಈ ಎರಡರ ನಡುವಿನ ದೂರವೇ ಈ ಲೇಖನ.

ಸ್ವೀಟ್ ಬಾಕ್ಸ್ ಪ್ರಯೋಗ

ಒಂದೆರಡು ಇಂಚಿನ ಖಾಲಿ ಜಾಗ ಮುಚ್ಚಿದರೆ ಏನು ಮಹಾ ವ್ಯತ್ಯಾಸ? ಮನೆಯಲ್ಲೇ ನೋಡಬಹುದು. ಅರ್ಧ ಕಿಲೋ ಮೈಸೂರು ಪಾಕಿನ ರಟ್ಟಿನ ಡಬ್ಬಿ ತೆಗೆದುಕೊಳ್ಳಿ. ಪಾಕು ತಿಂದು ಮುಗಿಸಿ. ಮುಚ್ಚಳ ತೆಗೆದು ಡಬ್ಬಿಯ ಎರಡು ತುದಿ ಹಿಡಿದು ತಿರುಚಿ, ಸಲೀಸಾಗಿ ತಿರುಚಿಕೊಳ್ಳುತ್ತೆ. ಈಗ ಮುಚ್ಚಳ ಹಾಕಿ, ನಾಲ್ಕು ಕಡೆ ಮಾತ್ರ ಒಂದೊಂದು ತುಂಡು ಸೆಲ್ಲೋಟೇಪ್ ಅಂಟಿಸಿ ತಿರುಚಿ. ಗಟ್ಟಿಯಾಯಿತು, ಆದರೆ ಟೇಪ್ ಇಲ್ಲದ ಕಡೆ ಮುಚ್ಚಳ ಜಾರುವುದು ಕಾಣುತ್ತೆ. ಕೊನೆಗೆ ಸುತ್ತ ಪೂರ್ತಿ ಟೇಪ್ ಸುತ್ತಿ ತಿರುಚಲು ನೋಡಿ. ಅದೇ ರಟ್ಟು, ಅದೇ ದಪ್ಪ, ಡಬ್ಬಿ ಮಾತ್ರ ಬೇರೆಯದೇ.

ಗಣಿತದಲ್ಲಿ ಇದು ಇನ್ನೂ ಬೆರಗು ಹುಟ್ಟಿಸುತ್ತದೆ. 50 ಮಿ.ಮೀ. ವ್ಯಾಸದ, 1 ಮಿ.ಮೀ. ದಪ್ಪದ ಉಕ್ಕಿನ ಕೊಳವೆ ಒಂದಿದೆ ಅಂದುಕೊಳ್ಳಿ. ಅದನ್ನು ಉದ್ದಕ್ಕೆ ಒಂದೇ ಒಂದು ಗೀಟು ಸೀಳಿದರೆ ತಿರುಚುವುದಕ್ಕೆ ಅದು ಒಡ್ಡುವ ಪ್ರತಿರೋಧ 1,800 ಪಟ್ಟಿಗೂ ಹೆಚ್ಚು ಇಳಿದುಹೋಗುತ್ತದೆ. ತೂಕ ಒಂದು ಗ್ರಾಮೂ ಕಮ್ಮಿಯಾಗಿಲ್ಲ. ಕಾರಿನ ಬಾಗಿಲ ಕೆಳಗಿನ ಸಿಲ್, ಕಿಟಕಿಯ ಪಕ್ಕದ ಕಂಬ, ಸೀಟಿನ ಕೆಳಗಿನ ಅಡ್ಡ ತೊಲೆ ಇವೆಲ್ಲ ತಗಡು ಮಡಚಿ ಮಾಡಿದ ಕೊಳವೆಗಳೇ. ಸ್ಪಾಟ್ ವೆಲ್ಡ್ ಆದ ಕೊಳವೆ ಸೀಳಿದ್ದೂ ಅಲ್ಲ, ಮುಚ್ಚಿದ್ದೂ ಅಲ್ಲ. ಹೊಟ್ಟೆ ತುಂಬ ಊಟ ಮಾಡಿ ಕೂತಾಗ ಅಂಗಿಯ ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಡುತ್ತದಲ್ಲ, ಹಾಗೆ ಗಂಟುಗಳ ನಡುವೆ ತಗಡು ಸ್ವಲ್ಪ ಸ್ವಲ್ಪ ಬಾಯಿ ಬಿಡುತ್ತೆ. ನಡುವೆ ಬೆಸುಗೆ ಬಿದ್ದರೆ ಗುಂಡಿ ಅಂಗಿ ಜಿಪ್ ಅಂಗಿ ಆಗುತ್ತದೆ.

ಇದಕ್ಕೆ ತೆರುವ ತೂಕ ಎಷ್ಟು ಗೊತ್ತಾ? ಒಟ್ಟು 10 ಮೀಟರ್ ಉದ್ದದ ಬೆಸುಗೆ ಹಾಕಿದರೂ ಸೇರುವ ಲೋಹ ಒಂದು ಕಿಲೋಗಿಂತ ಕಮ್ಮಿ. ಗ್ರಾಂ ಗ್ರಾಂ ತೂಕ ಇಳಿಸಲು ಕಿಟಕಿ ಗಾಜು ಕೂಡ ಕಿತ್ತೆಸೆಯುವ ರೇಸ್ ಜನಕ್ಕೆ ಇದಕ್ಕಿಂತ ಅಗ್ಗದ ವ್ಯಾಪಾರ ಸಿಗುವುದಿಲ್ಲ.

ಗಟ್ಟಿ ಅಂದರೆ ಯಾವ ಗಟ್ಟಿ?

ಗೊಂದಲದ ಅರ್ಧ ಪಾಲು ನಮ್ಮ ‘ಗಟ್ಟಿ’ ಅನ್ನುವ ಪದದ್ದೇ ಅಂತ ನನ್ನ ಅನುಮಾನ. ಮೊಸರೂ ಗಟ್ಟಿ, ಚಟ್ನಿಯೂ ಗಟ್ಟಿ, ದನಿಯೂ ಗಟ್ಟಿ, ತೊಂಬತ್ತು ದಾಟಿದ ಅಜ್ಜಿಯೂ ಗಟ್ಟಿ. ಎಂಜಿನಿಯರಿಂಗ್‌ನಲ್ಲಿ ಮಾತ್ರ ಇದನ್ನು ಒಡೆದು ನೋಡಲೇಬೇಕು. ಬಾಗದಿರುವುದು ಒಂದು ಗುಣ. ಮುರಿಯದಿರುವುದು ಇನ್ನೊಂದು. ಕರಿದ ಹಪ್ಪಳ ಬಾಗುವುದಿಲ್ಲ, ಆದರೆ ಮುಟ್ಟಿದರೆ ಮುರಿಯುತ್ತೆ. ಬಿದಿರು ನೆಲ ಮುಟ್ಟುವಷ್ಟು ಬಾಗುತ್ತೆ, ಮುರಿಯುವುದಿಲ್ಲ. ಇವು ಎರಡಲ್ಲದೆ ಮೂರನೆಯದೂ ಒಂದಿದೆ: ಮುದುಡುತ್ತಾ ಮುದುಡುತ್ತಾ ಪೆಟ್ಟಿನ ಶಕ್ತಿಯನ್ನು ತಿಂದುಹಾಕುವುದು. ಅಪಘಾತದಲ್ಲಿ ಕಾರಿನ ಮೂತಿ ಮಾಡಬೇಕಾದ್ದು ಈ ಮೂರನೇ ಕೆಲಸ.

‘ಇಷ್ಟು ಶೇಕಡಾ ಹೈ-ಸ್ಟ್ರೆಂತ್ ಸ್ಟೀಲ್’ ಅನ್ನುವ ಜಾಹೀರಾತು ನೋಡಿರುತ್ತೀರಿ. ಅದು ಎರಡನೇ ಗುಣದ ಮಾತು. ಮೊದಲನೆಯದಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಯಾಕೆಂದರೆ ಸಾದಾ ಉಕ್ಕಾದರೂ ಅತಿ ಬಲದ ಉಕ್ಕಾದರೂ ಹಿಗ್ಗುವುದಕ್ಕೆ ಒಡ್ಡುವ ಪ್ರತಿರೋಧ, ಅಂದರೆ ಯಂಗ್ಸ್ ಮಾಡ್ಯುಲಸ್, ಹೆಚ್ಚುಕಮ್ಮಿ ಒಂದೇ, ಸುಮಾರು 200 ಗಿಗಾಪಾಸ್ಕಲ್. ಎರಡನೇ ಸೆಮಿಸ್ಟರಿನ ಪಾಠ, ಆದರೆ ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಗ್ಲೋಬಲ್ ಎನ್‌ಕ್ಯಾಪ್ 2014ರ ಜನವರಿ ಕೊನೆಗೆ ಭಾರತದ ಐದು ಸಣ್ಣ ಕಾರುಗಳ ಫಲಿತಾಂಶ ಪ್ರಕಟಿಸಿತು. ಎಲ್ಲವೂ ಏರ್‌ಬ್ಯಾಗ್ ಇಲ್ಲದ ಮಾದರಿಗಳು, ಐದಕ್ಕೂ ಸೊನ್ನೆ ಸ್ಟಾರ್. ಹೆಚ್ಚಿನವರು ಮರೆತ ಸಂಗತಿ ಏನೆಂದರೆ, ಆ ಐದರಲ್ಲಿ ಪೋಲೊ ಮತ್ತು ಫಿಗೊ ಎರಡರ ಶೆಲ್ ಸ್ಥಿರವಾಗಿಯೇ ಇತ್ತು. ಶೆಲ್ ನಿಂತಿತು, ಡ್ರೈವರ್ ಜಾಗದ ಬೊಂಬೆ ಉಳಿಯಲಿಲ್ಲ. ಎರಡು ಏರ್‌ಬ್ಯಾಗ್ ಇದ್ದ ಪೋಲೊ ಅದೇ ಹೊತ್ತಿಗೆ ನಾಲ್ಕು ಸ್ಟಾರ್ ತೆಗೆದುಕೊಂಡಿತು. ಇನ್ನೊಂದು ಕಡೆ, ಶೆಲ್ ಕುಸಿದರೆ ಏರ್‌ಬ್ಯಾಗ್ ಇದ್ದೂ ಪೂರ್ತಿ ಕೆಲಸ ಮಾಡಲಾರದು. ಎರಡೂ ಬೇಕು, ಜತೆಗೆ ಸೀಟ್ ಬೆಲ್ಟ್ ಬೇಕು, ಎಲ್ಲವೂ ಒಂದರ ಲಯಕ್ಕೆ ಇನ್ನೊಂದು ಹೊಂದಿಕೊಂಡಿರಬೇಕು.

ಆ ಪರೀಕ್ಷೆಯ ವೇಗ ಗಂಟೆಗೆ 64 ಕಿ.ಮೀ. ಕಾಗದದ ಮೇಲೆ ಲೆಕ್ಕ ಹಾಕೋಣ. ಅಷ್ಟು ವೇಗದಿಂದ ನಿಲ್ಲುವುದಕ್ಕೆ ಕಾರಿನ ಮೂತಿ ಮುದುಡಿ 60 ಸೆಂ.ಮೀ. ದೂರ ಕೊಟ್ಟರೆ ಒಳಗಿನವರ ಮೇಲೆ ಸರಾಸರಿ ಗುರುತ್ವದ 27 ಪಟ್ಟು ಬೀಳುತ್ತೆ. ಮೂತಿ ಮುದುಡದೆ 30 ಸೆಂ.ಮೀ.ಗೇ ನಿಲ್ಲಿಸಿದರೆ 54 ಪಟ್ಟು. ಮುಂದಿನ ಎರಡು ಉದ್ದ ತೊಲೆಗಳು ಎಲ್ಲಿ ಮೊದಲು ಮಡಚಬೇಕು, ಆಮೇಲೆ ಎಲ್ಲಿ ಅಂತ ಕಂಪನಿಯವರು ಕುಳಿ, ತೂತು, ಗಂಟುಗಳ ಅಂತರ ಎಲ್ಲವನ್ನೂ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಏರ್‌ಬ್ಯಾಗ್ ಯಾವ ಮಿಲಿಸೆಕೆಂಡಿಗೆ ಬಿಚ್ಚಬೇಕು ಅನ್ನುವುದೂ ಆ ಮಡಚುವಿಕೆಯ ಲಯವನ್ನು ನಂಬಿಕೊಂಡಿದೆ. ಅದರ ಮೇಲೆ ನೀವು ಹೋಗಿ ಬೆಸುಗೆ ಎಳೆದರೆ ಆ ಲಯ ಹೋಯಿತು. ಕಾರಿನ ಬಂಪರ್ ಉಳಿಯಬಹುದು, ನಿಮ್ಮ ಪಕ್ಕೆಲುಬು ಉಳಿಯುವುದಿಲ್ಲ.

ಅನುಭವಿ ರೇಸ್ ಫ್ಯಾಬ್ರಿಕೇಟರುಗಳೇ ಈ ಕಾರಣಕ್ಕೆ ಮುಂದಿನ ಸ್ಟ್ರಟ್ ಟವರ್‌ಗಿಂತ ಮುಂದೆ ಇರುವ ತೊಲೆಯನ್ನು ಮುಟ್ಟಲು ಹಿಂಜರಿಯುತ್ತಾರೆ. ರೇಸ್ ಡ್ರೈವರ್‌ಗೆ ಹೆಲ್ಮೆಟ್ ಇದೆ, ಕತ್ತು ಹಿಡಿಯುವ ಸಾಧನ ಇದೆ, ಸೊಂಟ ಭುಜ ತೊಡೆ ಎಲ್ಲ ಕಟ್ಟುವ ಆರು ಪಟ್ಟಿಯ ಬೆಲ್ಟ್ ಇದೆ. ಅಷ್ಟಿದ್ದವರೇ ಹಿಂಜರಿಯುವ ಕೆಲಸವನ್ನು ಹಿಂದಿನ ಸೀಟಿನಲ್ಲಿ ಮಗು ಕೂರಿಸಿಕೊಳ್ಳುವ ಕಾರಿಗೆ ಮಾಡಿಸಲು ಹೊರಡುವುದು ಧೈರ್ಯ ಅಲ್ಲ.

ಕೆಲಸ ನಡೆಯುವ ಬಗೆ

ನಮ್ಮಲ್ಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂಥ ಗಾಡಿ ಮಾರುತಿ ಎಸ್ಟೀಮ್. 1994ರಲ್ಲಿ ಬಂದ ಕಾರು, ತೂಕ 900 ಕೆಜಿಗೂ ಕಡಿಮೆ, 1.3 ಲೀಟರ್ ಎಂಜಿನ್. ಭಾರತದ ಟೂರಿಂಗ್ ಕಾರ್ ರೇಸ್‌ಗಳಲ್ಲಿ ವರ್ಷಗಟ್ಟಲೆ ಓಡಿದೆ. ಹಗುರ ಅನ್ನುವುದೇ ಅದರ ಬಲ, ಹಗುರ ಅನ್ನುವುದೇ ಅದರ ತೊಂದರೆ: ತೆಳು ತಗಡು, ಸಾದಾ ಉಕ್ಕು, ಬೇಕಾದಷ್ಟು ತಿರುಚಿಕೊಳ್ಳುವ ಮೈ. ಬೆಸುಗೆಗೆ ಸಾದಾ ಉಕ್ಕು ತುಂಬ ಒಳ್ಳೆಯದು, ಕ್ಷಮಾಗುಣ ಜಾಸ್ತಿ.

ಮೊದಲ ಕೆಲಸ ಬಿಚ್ಚುವುದು. ಎಂಜಿನ್, ಸೀಟು, ವೈರಿಂಗ್, ಗಾಜು, ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪು ಎಲ್ಲ. ‘ವೈರಿಂಗ್ ಸ್ವಲ್ಪ ಪಕ್ಕಕ್ಕೆ ಕಟ್ಟಿ ವೆಲ್ಡ್ ಮಾಡ್ತೀವಿ ಸಾರ್’ ಅನ್ನುವ ಗ್ಯಾರೇಜಿನಿಂದ ಎದ್ದು ಬನ್ನಿ. ನೆಲಕ್ಕೆ ಅಂಟಿಸಿರುವ ಟಾರಿನ ಹಾಳೆಗಳನ್ನು ಕೀಳುವುದೇ ಒಂದು ಯಾಗ. ಅದರ ಮೇಲೆ ಡ್ರೈ ಐಸ್ ಸುರಿಯುತ್ತಾರೆ. ಮೈನಸ್ 78 ಡಿಗ್ರಿಯಲ್ಲಿ ಟಾರು ಬಿಸ್ಕತ್ತಿನಂತಾಗಿ, ಸುತ್ತಿಗೆಯಲ್ಲಿ ತಟ್ಟಿದರೆ ಪುಡಿ ಪುಡಿಯಾಗಿ ಏಳುತ್ತೆ. ಆಮೇಲೆ ಸಂದುಗಳಲ್ಲಿ ತುಂಬಿರುವ ಸೀಲರ್, ಬಣ್ಣ, ಪ್ರೈಮರ್. ವೈರ್ ಬ್ರಷ್ ಹಿಡಿದು ಒಂದೊಂದು ಅಂಚನ್ನೂ ಹೊಳೆಯುವ ಲೋಹದವರೆಗೆ ಉಜ್ಜಬೇಕು. ಒಟ್ಟು ಕೆಲಸದಲ್ಲಿ ವೆಲ್ಡಿಂಗ್ ಸಣ್ಣ ಭಾಗ, ಉಜ್ಜುವುದೇ ದೊಡ್ಡ ಭಾಗ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಕಿಡಿ ಹಾರುವ ವಿಡಿಯೊ ಮಾತ್ರ ಬರುತ್ತೆ, ಅದು ಬೇರೆ ವಿಷಯ.

ಸತು ಲೇಪಿಸಿದ ತಗಡಾದರೆ ಇನ್ನೂ ಹುಷಾರು. ಉಕ್ಕು ಕರಗುವುದು 1,500 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಸತು 907 ಡಿಗ್ರಿಗೇ ಕುದಿದು ಹೊಗೆಯಾಗುತ್ತದೆ. ಆ ಬಿಳಿ ಹೊಗೆ ಕುಡಿದರೆ ರಾತ್ರಿಗೆ ಚಳಿ ಜ್ವರ. ಹಳೆ ವೆಲ್ಡರುಗಳು ಇದಕ್ಕೆ ಹಾಲು ಕುಡಿಯಿರಿ ಅನ್ನುತ್ತಾರೆ. ಹಾಲು ಕುಡಿಯಿರಿ, ಬೇಡ ಅನ್ನುವುದಿಲ್ಲ, ಆದರೆ ಮೊದಲು ಲೇಪ ಉಜ್ಜಿ ತೆಗೆಯಿರಿ, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿ, ಬಾಗಿಲು ತೆರೆದಿಡಿ.

ಈಗ ಶೆಲ್ಲನ್ನು ಸಮತಟ್ಟಾಗಿ ನಿಲ್ಲಿಸಬೇಕು. ಇದು ಎಷ್ಟು ಮುಖ್ಯ ಎಂದರೆ, ಶೆಲ್ ಸೊಟ್ಟಗೆ ನಿಂತಿದ್ದಾಗ ಬೆಸೆದರೆ ಆ ಸೊಟ್ಟವೇ ಶಾಶ್ವತ. ಬಾಗಿಲುಗಳನ್ನು ವಾಪಸ್ ನೇತುಹಾಕಿ, ಸುತ್ತಲಿನ ಸಂದು ಎಲ್ಲ ಕಡೆ ಒಂದೇ ಇದೆಯಾ ಅಂತ ಕೆಲಸದ ಮಧ್ಯೆ ಆಗಾಗ ನೋಡಿಕೊಳ್ಳುತ್ತಾರೆ. ಬಾಗಿಲ ಸಂದು ಸುಳ್ಳು ಹೇಳುವುದಿಲ್ಲ.

ಬೆಸುಗೆ ಹಾಕುವುದು ಮಿಗ್ ಯಂತ್ರದಲ್ಲಿ. ತೆಳು ತಂತಿ, 0.6 ಅಥವಾ 0.8 ಮಿ.ಮೀ., ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗ್ಯಾಸು. ಸುಮಾರು ಒಂದು ಇಂಚು ಬೆಸುಗೆ, ಒಂದು ಒಂದೂವರೆ ಇಂಚು ಖಾಲಿ, ಮತ್ತೆ ಒಂದು ಇಂಚು. ಒಂದೇ ಕಡೆ ಸಾಲಾಗಿ ಹಾಕುತ್ತಾ ಹೋಗುವಂತಿಲ್ಲ. ಎಡಕ್ಕೊಂದು, ಬಲಕ್ಕೊಂದು, ಹಿಂದಕ್ಕೊಂದು, ಮುಂದಕ್ಕೊಂದು. ಕುಂಟೆಬಿಲ್ಲೆ ಆಡಿದ ಹಾಗೆ ಹಾರುತ್ತಾ ಇರಬೇಕು. ಶಾಖ ಒಂದೇ ಕಡೆ ಸೇರಿದರೆ ತಗಡು ಎಳೆದುಕೊಂಡು ಸುಕ್ಕಾಗುತ್ತೆ.

ಹಾಗಾದರೆ ಪೂರ್ತಿ ಒಂದೇ ಗೆರೆ ಎಳೆದುಬಿಟ್ಟರೆ ಇನ್ನೂ ಒಳ್ಳೆಯದಲ್ವಾ? ಎಷ್ಟೋ ಮಂದಿ ಹಾಗೇ ಅಂದುಕೊಳ್ಳುತ್ತಾರೆ. ಗಟ್ಟಿತನದ ಹೆಚ್ಚಿನ ಪಾಲು ಹೊಲಿಗೆಯಲ್ಲೇ ಬಂದಿರುತ್ತೆ. ಆಮೇಲೆ ಸೇರಿಸುವ ಒಂದೊಂದು ಇಂಚಿಗೂ ಸಿಗುವುದು ಕಮ್ಮಿ, ಸೇರುವ ಶಾಖ ಮಾತ್ರ ಅಷ್ಟೇ. ಬೆಸುಗೆಯ ಪಕ್ಕದಲ್ಲಿ ಶಾಖ ತಿಂದ ಒಂದು ಪಟ್ಟಿ ಇರುತ್ತದೆ, ಬಿರುಕು ಹುಟ್ಟುವುದು ಅಲ್ಲಿಂದ. ಉದ್ದಕ್ಕೂ ಒಂದೇ ಪಟ್ಟಿ ಇದ್ದರೆ ಬಿರುಕಿಗೆ ಹೆದ್ದಾರಿ ಹಾಕಿಕೊಟ್ಟ ಹಾಗೆ.

ಎಲ್ಲಿ ಹಾಕುತ್ತಾರೆ? ಸಸ್ಪೆನ್ಷನ್‌ನ ಬಲ ಶೆಲ್‌ಗೆ ಇಳಿಯುವ ಜಾಗಗಳಲ್ಲಿ ಮೊದಲು: ಸ್ಟ್ರಟ್ ಟವರ್ ಬುಡ, ಎಂಜಿನ್ ಕೋಣೆ ಮತ್ತು ಕ್ಯಾಬಿನ್ ನಡುವಿನ ಗೋಡೆ, ಮುಂದಿನ ಕಂಬದ ಬುಡ, ಬಾಗಿಲ ಕೆಳಗಿನ ಸಿಲ್, ಹಿಂದಿನ ಡ್ಯಾಂಪರ್ ಕೂರುವ ಜಾಗ. ಚಾವಣಿಯ ತಗಡಿಗೆ ಕೈ ಹಚ್ಚುವುದಿಲ್ಲ, ಸುಕ್ಕು ಬಿಟ್ಟು ಅಲ್ಲಿಂದ ಬೇರೇನೂ ಸಿಗುವುದಿಲ್ಲ.

ರ‍್ಯಾಲಿಯವರ ಕಾರಣ ಸ್ವಲ್ಪ ಬೇರೆ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣಿನ ದಾರಿಗಳಲ್ಲಿ ರ‍್ಯಾಲಿ ನಡೆಯುವುದನ್ನು ನೋಡಿದವರಿಗೆ ಗೊತ್ತು, ಕಾರು ಗಾಳಿಯಲ್ಲಿ ಹಾರಿ ಧೊಪ್ಪೆಂದು ಬೀಳುತ್ತೆ. ಹಾಗೆ ನೂರಾರು ಸಲ ಬಿದ್ದಾಗ ಸ್ಟ್ರಟ್ ಟವರ್ ಸುತ್ತಲಿನ ಸ್ಪಾಟ್ ವೆಲ್ಡ್‌ಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ. ಒಂದು ಗುಂಡಿ ಕಿತ್ತರೆ ಪಕ್ಕದ ಗುಂಡಿಯ ಮೇಲೆ ಭಾರ ಜಾಸ್ತಿ, ಅದೂ ಕೀಳುತ್ತೆ. ಅಲ್ಲಿ ಹೊಲಿಗೆ ಹಾಕುವುದು ಸೂಕ್ಷ್ಮ ಸಮತೋಲನಕ್ಕಿಂತ ಹೆಚ್ಚಾಗಿ ಕಾರು ಕೊನೆಯ ಸ್ಟೇಜ್ ಮುಗಿಸಿ ವಾಪಸ್ ಬರಲಿ ಅಂತ.

ಇನ್ನು ರೋಲ್ ಕೇಜ್. ಹೊಲಿಗೆಯನ್ನು ಇಷ್ಟು ಹೊಗಳಿದ ಮೇಲೂ ಹೇಳಲೇಬೇಕು, ತಿರುಚುವಿಕೆಯನ್ನು ಹಿಡಿದು ನಿಲ್ಲಿಸುವುದರಲ್ಲಿ ದೊಡ್ಡ ಪಾಲು ಕೇಜಿನದು. ಸ್ಟ್ರಟ್ ಟವರಿನಿಂದ ಮುಂದಿನ ಕಂಬಕ್ಕೆ, ಅಲ್ಲಿಂದ ಚಾವಣಿಗೆ, ಹಿಂದಿನ ಡ್ಯಾಂಪರ್ ಬುಡಕ್ಕೆ ಕೊಳವೆಗಳು ತ್ರಿಕೋನ ತ್ರಿಕೋನವಾಗಿ ಹೋಗುತ್ತವೆ. ಮುಖ್ಯ ಕಮಾನಿಗೆ ಎಫ್‌ಐಎ ನಿಯಮ ಹೇಳುವ ಅಳತೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ, ಅಥವಾ 50 ವ್ಯಾಸಕ್ಕೆ 2 ದಪ್ಪ, ಕೋಲ್ಡ್ ಡ್ರಾನ್ ಸೀಮ್‌ಲೆಸ್ ಕೊಳವೆ. ಕೇಜಿನ ಪಾದ ಶೆಲ್ ಮೇಲೆ ಕೂರುವ ಕಡೆ 3 ಮಿ.ಮೀ. ದಪ್ಪದ, ಕನಿಷ್ಠ 120 ಚದರ ಸೆಂ.ಮೀ. ಅಗಲದ ಪ್ಲೇಟು, ಅಂದರೆ ಹೆಚ್ಚುಕಮ್ಮಿ ಒಂದು ಪೋಸ್ಟ್‌ಕಾರ್ಡಿನಷ್ಟು. ಆ ಪ್ಲೇಟು ಇಲ್ಲದಿದ್ದರೆ ಪಲ್ಟಿಯಾದಾಗ ಕೊಳವೆ ತೆಳು ತಗಡನ್ನು ತೂರಿಕೊಂಡು ಕೆಳಗೆ ಹೋಗುತ್ತೆ, ಕೇಜ್ ಇದ್ದೂ ಇಲ್ಲ. ಗೇಟು ಗ್ರಿಲ್ಲು ಮಾಡುವ ಅಂಗಡಿಯಲ್ಲಿ ಬೆಂಡ್ ಮಾಡಿಸಿದ ಚೆಂದದ ಕೇಜುಗಳು ಇನ್‌ಸ್ಟಾಗ್ರಾಮಿನಲ್ಲಿ ಬೇಕಾದಷ್ಟಿವೆ. ಕೊಳವೆ ಯಾವುದು, ಪಾದ ಎಲ್ಲಿ ಕೂತಿದೆ ಅಂತ ಒಮ್ಮೆ ಕೇಳಿ ನೋಡಿ.

ಅಂದಹಾಗೆ ಕೇಜ್ ಕೂಡ ರಸ್ತೆಗಲ್ಲ. ಹೆಲ್ಮೆಟ್ ಹಾಕದ ತಲೆಗೆ, ಅರ್ಧ ಅಡಿ ದೂರದಲ್ಲಿರುವ ಉಕ್ಕಿನ ಕೊಳವೆ ಸಣ್ಣ ಗುದ್ದಿನಲ್ಲೇ ಸುತ್ತಿಗೆಯಾಗುತ್ತದೆ.

ಬೆಸುಗೆ ಮುಗಿದ ಮೇಲೆ ಪ್ರೈಮರ್, ಸಂದುಗಳಿಗೆ ಹೊಸ ಸೀಲರ್, ಬಣ್ಣ, ಕೊಳವೆಗಳ ಒಳಗೆ ಮೇಣ. ಕಾರ್ಖಾನೆಯಲ್ಲಿ ಶೆಲ್ಲನ್ನು ಇಡಿಯಾಗಿ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಎತ್ತಿರುತ್ತಾರೆ, ಮೂಲೆ ಮೂಲೆಗೂ ಲೇಪ ಹೋಗಿರುತ್ತೆ. ನೀವು ಸಾವಿರ ಕಡೆ ಅದನ್ನು ಸುಟ್ಟಿದ್ದೀರಿ. ಈ ಹಂತದಲ್ಲಿ ದುಡ್ಡು ಖಾಲಿಯಾಯಿತು ಅಂತ ಬಿಟ್ಟರೆ ಎರಡು ಮಳೆಗಾಲ ಸಾಕು.

ಕೆಲಸ ಫಲಿಸಿದೆಯಾ ಅಂತ ನೋಡಲು ಗ್ಯಾರೇಜಿನವರದ್ದೊಂದು ಸರಳ ಪರೀಕ್ಷೆ ಇದೆ. ಮುಂದಿನ ಎಡ ಮೂಲೆಗೆ ಜ್ಯಾಕ್ ಕೊಟ್ಟು ಎತ್ತಿ. ಸಡಿಲ ಶೆಲ್‌ನಲ್ಲಿ ಆ ಮೂಲೆ ಒಂದೇ ಏಳುತ್ತೆ, ಬಾಗಿಲು ತೆರೆಯಲು ಹೋದರೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತೆ. ಹೊಲಿಗೆ, ಕೇಜ್ ಎರಡೂ ಬಿದ್ದ ಶೆಲ್‌ನಲ್ಲಿ ಸ್ವಲ್ಪ ಹೊತ್ತಿಗೇ ಹಿಂದಿನ ಎಡ ಚಕ್ರವೂ ನೆಲ ಬಿಡುತ್ತದೆ, ಬಾಗಿಲು ಏನೂ ಆಗಿಲ್ಲವೆಂಬಂತೆ ತೆರೆಯುತ್ತೆ.

ಹೊಸ ಕಾರಿಗೆ ಈ ವಿದ್ಯೆ ನಡೆಯದು

ಎಸ್ಟೀಮ್‌ಗೆ ಹೇಳಿದ್ದನ್ನು ಹೋದ ವರ್ಷ ಕೊಂಡ ಹ್ಯಾಚ್‌ಬ್ಯಾಕಿಗೆ ಅನ್ವಯಿಸಬೇಡಿ. ಈಗಿನ ಎಷ್ಟೋ ಕಾರುಗಳ ನಡುಗಂಬದಲ್ಲಿ ಬಿಸಿ ಅಚ್ಚಿನಲ್ಲಿ ಒತ್ತಿ, ಅಚ್ಚಿನೊಳಗೇ ತಣಿಸಿದ ಬೋರಾನ್ ಉಕ್ಕು ಇರುತ್ತದೆ. ಅದರ ಬಲ ಸುಮಾರು 1,500 ಮೆಗಾಪಾಸ್ಕಲ್, ಸಾದಾ ತಗಡಿನ ಎಷ್ಟೋ ಪಟ್ಟು. ಆ ಬಲ ಬಂದಿರುವುದು ತಣಿಸಿದ ಬಗೆಯಿಂದ. ಅದಕ್ಕೆ ಮತ್ತೆ ಬೆಂಕಿ ತೋರಿಸಿದರೆ ಬೆಸುಗೆಯ ಪಕ್ಕದ ಪಟ್ಟಿ ಮೆತ್ತಗಾಗುತ್ತದೆ. ಪಕ್ಕದಿಂದ ಯಾರಾದರೂ ಬಂದು ಗುದ್ದಿದಾಗ ಕಂಬ ಅಲ್ಲೇ ಮಡಚುತ್ತೆ. ಕಾರು ನೋಡಲು ಹೆಚ್ಚು ಗಟ್ಟಿ, ನಿಜಕ್ಕೂ ಹೆಚ್ಚು ದುರ್ಬಲ. ಇನ್ನು ಕೆಲವು ಹೊಸ ಶೆಲ್‌ಗಳಲ್ಲಿ ಗಂಟುಗಳ ನಡುವೆ ಕಂಪನಿಯೇ ಬಲವಾದ ಅಂಟು ಹಾಕಿರುತ್ತದೆ, ರೇಸ್‌ನವರು ಬೆಸುಗೆಯಿಂದ ಮಾಡುವ ಕೆಲಸವನ್ನು ಆ ಅಂಟೇ ಮಾಡುತ್ತಿರುತ್ತೆ. ವೆಲ್ಡ್ ಮಾಡಿದರೆ ಅಂಟು ಸುಟ್ಟು ಹೋಗುತ್ತೆ, ಇದ್ದದ್ದೂ ಹೋಯಿತು.

ಕಾನೂನಿನ ಮಾತು ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಶೆಲ್ ಬೆಸೆದು ಕೇಜ್ ಹಾಕಿದ ಕಾರು ಟ್ರ್ಯಾಕಿಗೆ ಹೋಗಬೇಕಾದ್ದು ಟ್ರೇಲರ್ ಮೇಲೆ. ಸ್ಪರ್ಧೆಗೇ ಇಳಿಯುವುದಾದರೆ ಎಫ್‌ಎಂಎಸ್‌ಸಿಐ ನಿಯಮದಲ್ಲಿ ನಿಮ್ಮ ಕ್ಲಾಸ್‌ಗೆ ಎಷ್ಟು ಬೆಸುಗೆಗೆ ಅವಕಾಶ ಇದೆ ಅಂತ ತಗಡು ಉಜ್ಜುವ ಮೊದಲೇ ಓದಿಕೊಳ್ಳಿ. ಉಜ್ಜಿದ ಮೇಲೆ ಓದಿ ಪ್ರಯೋಜನವಿಲ್ಲ.

ಇಷ್ಟೆಲ್ಲ ಕೇಳಿಯೂ ಟ್ರ್ಯಾಕ್ ಹುಚ್ಚು ಇಳಿಯಲಿಲ್ಲವಾ? ಒಳ್ಳೆಯದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎರಡು ಕಿ.ಮೀ.ಗಿಂತ ತುಸು ಹೆಚ್ಚಿನ ಪುಟ್ಟ ಟ್ರ್ಯಾಕು. ಚೆನ್ನೈ ಟ್ರ್ಯಾಕು ಇರುವುದು ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈನಲ್ಲಿ, ಬೆಂಗಳೂರಿನಿಂದ ಹೋಗುವ ಹೆದ್ದಾರಿಯ ಪಕ್ಕಕ್ಕೇ. ಮೊದಲ ಸಲ ನಿಮ್ಮ ಮಾಮೂಲಿ ಕಾರನ್ನೇ ತೆಗೆದುಕೊಂಡು ಹೋಗಿ. ಹೊಸ ಬ್ರೇಕ್ ಫ್ಲೂಯಿಡ್, ಒಳ್ಳೆ ಪ್ಯಾಡ್, ಗ್ರಿಪ್ ಇರುವ ಟೈರ್, ತಲೆಗೆ ಸರಿ ಕೂರುವ ಹೆಲ್ಮೆಟ್ ಸಾಕು. ಒಂದೆರಡು ವರ್ಷ ಹೀಗೆ ಓಡಿಸಿದ ಮೇಲೆ, ಆಂಟಿ-ರೋಲ್ ಬಾರ್ ಬದಲಿಸಿದ್ದು ಕೈಗೆ ಗೊತ್ತಾಗುತ್ತಿಲ್ಲವಲ್ಲ ಅಂತ ಅನ್ನಿಸಿದ ದಿನ ಶೆಲ್ ಬಗ್ಗೆ ಯೋಚನೆ ಮಾಡಿ. ಅಲ್ಲಿಯತನಕ ಪಿಟ್‌ನಲ್ಲಿ ಹಳೆ ಎಸ್ಟೀಮ್ ಒಂದು ಬಾನೆಟ್ ತೆರೆದು ನಿಂತಿದ್ದರೆ ಹೋಗಿ ಇಣುಕಿ. ಎಲ್ಲರೂ ಎಂಜಿನ್ ನೋಡುತ್ತಿರುತ್ತಾರೆ, ನೀವು ಸ್ಟ್ರಟ್ ಟವರ್ ಬುಡ ನೋಡಿ. ಮಾಲೀಕರು ಹತ್ತಿರದಲ್ಲೇ ಇದ್ದರೆ ಉಜ್ಜಲು ಎಷ್ಟು ದಿನ ಹಿಡಿಯಿತು ಅಂತ ಕೇಳಿ. ಚಹಾ ತರಿಸಿ, ಕೂರಿಸಿಕೊಂಡು ಹೇಳುತ್ತಾರೆ.